ತುಕ್ಕು ಹಿಡಿದ ಮೋಟಾರು: ಉಜ್ಜುವುದೆ, ಬೆಸೆಯುವುದೆ, ಬಿಟ್ಟುಬಿಡುವುದೆ?

ಮಂಗಳೂರು, ಉಡುಪಿ, ಕಾರವಾರ ಮೊದಲಾದ ಕಡಲ ತೀರದ ಊರುಗಳಲ್ಲಿ ಇಪ್ಪತ್ತು ಮೂವತ್ತು ಮಳೆಗಾಲಗಳನ್ನು ಕಂಡ ಹಳೆಯ ಮೋಟಾರು ಕಾರುಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಓಡಾಡುತ್ತಿವೆ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು; ಪ್ರೀಮಿಯರ್ ಪದ್ಮಿನಿಯದು ಅದಕ್ಕೂ ಮೊದಲೇ ನಿಂತಿತ್ತು. ಆದರೂ ತಂದೆಯ ಕಾಲದ ಕಾರನ್ನು ಮಕ್ಕಳು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ಮನೆಗಳು ಇನ್ನೂ ಉಂಟು. ಇಂಥ ಕಾರಿನ ಎಂಜಿನು ಸವೆದರೆ ಹೊಸ ಪಿಸ್ಟನ್ನು ಹಾಕಬಹುದು. ಟೈರು ಹರಿದರೆ ಬೇರೆ ಟೈರು ತರಬಹುದು. ಆದರೆ ಕಾರಿನ ಒಡಲೇ ಕರಗತೊಡಗಿದರೆ ಮಾಡುವುದೇನು?

ರೋಗದ ಮೊದಲ ಚಿಹ್ನೆ ಬಲು ಸಣ್ಣದು. ಬಾಗಿಲಿನ ಕೆಳಅಂಚಿನಲ್ಲೋ, ಚಕ್ರದ ಮೇಲಿನ ಮಡ್ಗಾರ್ಡಿನ ತುದಿಯಲ್ಲೋ ಬಣ್ಣವು ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಬೊಕ್ಕೆಯಂತೆ ಏಳುತ್ತದೆ. ಮಾಲೀಕನು ಅದನ್ನು ಮೂವರಿಗೆ ತೋರಿಸಿದರೆ ಮೂರು ಮಾತು ಕೇಳಿಬರುತ್ತದೆ. "ಉಪ್ಪುಕಾಗದದಿಂದ ಉಜ್ಜಿ ಬಣ್ಣ ಬಳಿದರೆ ಸಾಕು" ಎನ್ನುತ್ತಾನೆ ಒಬ್ಬ. "ಕತ್ತರಿಸಿ ಹೊಸ ತಗಡು ಬೆಸೆಯದೆ ಗತಿಯಿಲ್ಲ" ಎನ್ನುತ್ತಾನೆ ಇನ್ನೊಬ್ಬ. "ಇದರ ಆಯುಸ್ಸು ಮುಗಿಯಿತು, ಗುಜರಿಗೆ ಹಾಕಿ" ಎನ್ನುತ್ತಾನೆ ಮೂರನೆಯವನು. ವಿಚಿತ್ರವೆಂದರೆ, ಮೂವರ ಮಾತೂ ಒಂದೊಂದು ಸಂದರ್ಭದಲ್ಲಿ ಸರಿಯೇ. ಯಾವ ಮಾತು ಎಲ್ಲಿ ಸಲ್ಲುತ್ತದೆ ಎಂಬುದನ್ನು ನಿರ್ಧರಿಸಲು ಊಹೆ ಸಾಲದು. ತುಕ್ಕು ಎಂದರೇನು, ಅದು ಲೋಹದ ಯಾವ ಭಾಗವನ್ನು ತಿನ್ನುತ್ತದೆ, ಆ ಭಾಗವು ಕಾರಿನಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಆ ಉತ್ತರಗಳನ್ನು ಇಲ್ಲಿ ಒಂದೊಂದಾಗಿ ಹುಡುಕೋಣ.

ಒಂದು ಹನಿ ನೀರಿನೊಳಗಿನ ವಿದ್ಯುತ್ಕೋಶ

ಕಬ್ಬಿಣವು ಗಾಳಿಯ ಆಮ್ಲಜನಕದೊಡನೆ ಕೂಡಿ ತುಕ್ಕಾಗುತ್ತದೆ ಎಂದು ನಾವು ಕೆಳತರಗತಿಗಳಲ್ಲೇ ಕಲಿಯುತ್ತೇವೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಒಣಗಾಳಿಯಲ್ಲಿ ಕಬ್ಬಿಣವು ವರ್ಷಗಟ್ಟಲೆ ತುಕ್ಕಿಲ್ಲದೆ ಇರಬಲ್ಲದು. ಆಮ್ಲಜನಕವಿಲ್ಲದ ಶುದ್ಧ ನೀರಿನಲ್ಲಿಯೂ ಅದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ನೀರು, ಆಮ್ಲಜನಕ ಇವೆರಡೂ ಒಟ್ಟಿಗೆ ದೊರೆತಾಗಲೇ ತುಕ್ಕು ಹುಟ್ಟುತ್ತದೆ. ಏಕೆಂದರೆ ತುಕ್ಕು ಹಿಡಿಯುವುದು ಕೇವಲ ರಾಸಾಯನಿಕ ಸಂಯೋಗವಲ್ಲ. ಅದೊಂದು ವಿದ್ಯುತ್ ಕ್ರಿಯೆ.

ತೇವವಾದ ಕಬ್ಬಿಣದ ಮೇಲ್ಮೈಯಲ್ಲಿ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣುವು ಎರಡು ಎಲೆಕ್ಟ್ರಾನುಗಳನ್ನು ಲೋಹದಲ್ಲಿ ಬಿಟ್ಟು, ತಾನು ಅಯಾನಾಗಿ ನೀರಿಗೆ ಇಳಿಯುತ್ತದೆ. ಈ ಜಾಗಕ್ಕೆ ಆನೋಡು ಎಂದು ಹೆಸರು. ಬಿಟ್ಟುಹೋದ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಜಾಗವನ್ನು ಸೇರಿ, ಅಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ಒಪ್ಪಿತವಾಗುತ್ತವೆ. ಇದು ಕ್ಯಾಥೋಡು. ಅಲ್ಲಿ ಆಮ್ಲಜನಕವೂ ನೀರೂ ಸೇರಿ ಹೈಡ್ರಾಕ್ಸಿಲ್ ಅಯಾನುಗಳಾಗುತ್ತವೆ. ಇವು ಕಬ್ಬಿಣದ ಅಯಾನುಗಳನ್ನು ಸಂಧಿಸಿದೆಡೆಯಲ್ಲಿ, ಮತ್ತಷ್ಟು ಆಮ್ಲಜನಕದ ನೆರವಿನಿಂದ, ನಮಗೆ ಪರಿಚಿತವಾದ ಕೆಂಗಂದು ತುಕ್ಕು ತಯಾರಾಗುತ್ತದೆ. ಟಾರ್ಚಿನ ಬ್ಯಾಟರಿಯಲ್ಲಿ ನಡೆಯುವಂಥ ವ್ಯಾಪಾರವೇ ಇಲ್ಲಿಯೂ ನಡೆಯುತ್ತದೆ. ದೀಪ ಮಾತ್ರ ಉರಿಯುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಕೇಂಬ್ರಿಡ್ಜಿನ ಯೂಲಿಕ್ ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಪ್ರಸಿದ್ಧಗೊಳಿಸಿದ ಪ್ರಯೋಗವನ್ನು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಾದರೂ ಮಾಡಬಹುದು. ನೂರಕ್ಕೆ ಮೂರು ಭಾಗ ಅಡಿಗೆ ಉಪ್ಪು ಬೆರೆಸಿದ ನೀರಿಗೆ ಸ್ವಲ್ಪ ಪೊಟ್ಯಾಸಿಯಂ ಫೆರಿಸಯನೈಡನ್ನೂ ಕೆಲವು ಹನಿ ಫಿನಾಲ್ಫ್ತಲೀನನ್ನೂ ಸೇರಿಸಿ, ಚೆನ್ನಾಗಿ ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡಿನ ಮೇಲೆ ಒಂದು ದೊಡ್ಡ ಹನಿಯನ್ನು ಇಡಬೇಕು. ಮೊದಲು ಅಲ್ಲಲ್ಲಿ ನೀಲಿ, ಗುಲಾಬಿ ಚುಕ್ಕೆಗಳು ಚದರಿದಂತೆ ಕಾಣುತ್ತವೆ. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುಭಾಗ ನೀಲಿಯಾಗಿ, ಅಂಚು ಗುಲಾಬಿಯಾಗಿ, ಇವೆರಡರ ನಡುವೆ ಕಂದು ತುಕ್ಕಿನ ಬಳೆಯೊಂದು ಮೂಡುತ್ತದೆ. ನೀಲಿ ಇರುವೆಡೆ ಕಬ್ಬಿಣ ಕರಗುತ್ತಿದೆ. ಗುಲಾಬಿ ಇರುವೆಡೆ ಆಮ್ಲಜನಕ ಎಲೆಕ್ಟ್ರಾನುಗಳನ್ನು ಹೀರುತ್ತಿದೆ.

ಈ ಪ್ರಯೋಗದ ಪಾಠವನ್ನು ಗಮನವಿಟ್ಟು ನೋಡಬೇಕು. ಹನಿಯ ಅಂಚಿನಲ್ಲಿ ನೀರಿನ ಪದರ ತೆಳುವಾಗಿರುವುದರಿಂದ ಗಾಳಿಯ ಆಮ್ಲಜನಕ ಅಲ್ಲಿಗೆ ಬೇಗ ತಲುಪುತ್ತದೆ. ನಡುಭಾಗಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಹೀಗಿದ್ದೂ ಕರಗುವುದು ಆಮ್ಲಜನಕ ಹೆಚ್ಚಾಗಿರುವ ಅಂಚಿನ ಕಬ್ಬಿಣವಲ್ಲ, ಅದು ಕಡಮೆಯಾಗಿರುವ ನಡುವಿನ ಕಬ್ಬಿಣ! ಕಾರಿನಲ್ಲಿ ತುಕ್ಕು ಏಕೆ ಯಾವಾಗಲೂ ಕಣ್ಣಿಗೆ ಬೀಳದ ಕಡೆಯಲ್ಲೇ ಅತಿಯಾಗಿರುತ್ತದೆ ಎಂಬುದರ ಗುಟ್ಟು ಇಲ್ಲಿದೆ. ಎರಡು ತಗಡುಗಳು ಒಂದರ ಮೇಲೊಂದು ಕೂಡಿರುವ ಸಂದು, ಕೆಸರು ಮೆತ್ತಿಕೊಂಡ ಮೂಲೆ, ಬಣ್ಣದ ಬೊಕ್ಕೆಯ ಅಡಿ ಇವೆಲ್ಲ ಆಮ್ಲಜನಕ ಕಡಮೆಯಾದ ಜಾಗಗಳು. ಆದುದರಿಂದ ಅವೇ ಆನೋಡುಗಳಾಗಿ ಕರಗುತ್ತವೆ. ನಾವು ಹೊರಗೆ ಕಾಣುವುದು ತುಕ್ಕಿನ ಅಂಚನ್ನು. ಅದರ ಹೊಟ್ಟೆ ಒಳಗಡೆ ಇರುತ್ತದೆ.

ಮಿಲಿಯಾಂಪೇರಿನ ಹಸಿವು

ಈ ಕೋಶದಲ್ಲಿ ಹರಿಯುವ ವಿದ್ಯುತ್ತು ಅಲ್ಪವೇ. ಆದರೆ ಅದು ಹಗಲಿರುಳು ಹರಿಯುತ್ತದೆ. ಫ್ಯಾರಡೆಯ ವಿದ್ಯುದ್ವಿಶ್ಲೇಷಣ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಒಂದು ಮಿಲಿಯಾಂಪೇರ್ ಪ್ರವಾಹವು ಒಂದು ವರ್ಷ ಪೂರ್ತಿ ಹರಿದರೆ ಸುಮಾರು 9 ಗ್ರಾಂ ಕಬ್ಬಿಣವನ್ನು ಕರಗಿಸುತ್ತದೆ. ಕಬ್ಬಿಣದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 7.9 ಗ್ರಾಂನಷ್ಟು. ಹಾಗಾದರೆ ಒಂದು ಮಿಲಿಮೀಟರ್ ದಪ್ಪದ ತಗಡಿನಲ್ಲಿ ಸುಮಾರು 11 ಚದರ ಸೆಂಟಿಮೀಟರ್ ಅಗಲದ, ಎಂದರೆ ಬೆಂಕಿಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ವಿಸ್ತಾರದ ತೂತು ಬೀಳಲು ಅಷ್ಟು ವಿದ್ಯುತ್ತು ಸಾಕು. ಕಾರಿನ ಮೈತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ದಪ್ಪವಿರುವುದಿಲ್ಲ ಎಂಬುದನ್ನು ನೆನೆದರೆ ಈ ಮಿಲಿಯಾಂಪೇರಿನ ಹಸಿವು ಎಷ್ಟು ಭಯಂಕರವೆಂದು ತಿಳಿದೀತು.

ಕರಾವಳಿಯಲ್ಲಿ ಈ ಹಸಿವಿಗೆ ಉಪ್ಪು ಒಗ್ಗರಣೆ ಹಾಕುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅಲೆಗಳು ಒಡೆದಾಗ ಹಾರುವ ಸೂಕ್ಷ್ಮ ಹನಿಗಳನ್ನು ಗಾಳಿಯು ಹೊತ್ತು ತರುತ್ತದೆ. ಉಪ್ಪು ನೀರಿನ ವಿದ್ಯುದ್ವಾಹಕತೆಯನ್ನು ಹೆಚ್ಚಿಸುತ್ತದೆ. ಅಲ್ಲದೆ ಗಾಳಿಯಿಂದ ನೀರನ್ನು ಸೆಳೆದುಕೊಳ್ಳುತ್ತದೆ. ಶುದ್ಧ ಅಡಿಗೆ ಉಪ್ಪು ನೀರೊಡೆಯಬೇಕಾದರೆ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 75ರಷ್ಟಿರಬೇಕು. ಆದರೆ ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡು ಆರ್ದ್ರತೆ 33ರಷ್ಟಿದ್ದರೂ ಒದ್ದೆಯಾಗುತ್ತದೆ. ಆದುದರಿಂದ ಮಂಗಳೂರಿನ ಕಾರು ಮಳೆ ಬಾರದ ದಿನವೂ ಒಳಗೊಳಗೆ ಒದ್ದೆಯಾಗಿಯೇ ಇರುತ್ತದೆ. ಚಿತ್ರದುರ್ಗದ ಒಣ ಹವೆಯಲ್ಲಿ ಅದೇ ವಯಸ್ಸಿನ, ಅದೇ ಮಾದರಿಯ ಕಾರಿನ ಆರೋಗ್ಯ ಬೇರೆಯೇ ಆಗಿರುವುದು ಸಹಜ. ಹಳೆಯ ಕಾರಿನ ಪರೀಕ್ಷೆಯಲ್ಲಿ ಅದು ಎಷ್ಟು ವರ್ಷದ್ದು ಎಂಬ ಪ್ರಶ್ನೆಗಿಂತ ಎಲ್ಲಿ ಬಾಳಿತು ಎಂಬ ಪ್ರಶ್ನೆ ದೊಡ್ಡದು.

ಚರ್ಮವೋ, ಮೂಳೆಯೋ?

ತುಕ್ಕಿನ ಸ್ವಭಾವ ಇದಾಯಿತು. ಇನ್ನು ಕಾರಿನ ರಚನೆಯತ್ತ ತಿರುಗೋಣ. ಲಾರಿ, ಹಳೆಯ ಜೀಪುಗಳಲ್ಲಿ ಕೆಳಗಡೆ ದಪ್ಪ ಉಕ್ಕಿನ ಚೌಕಟ್ಟು ಇರುತ್ತದೆ. ಭಾರವೆಲ್ಲ ಅದರ ಮೇಲೆ. ಆದರೆ ಅಂಬಾಸಡರ್, ಪದ್ಮಿನಿ, ಮಾರುತಿ 800 ಇವುಗಳಿಗೆ ಅಂಥ ಪ್ರತ್ಯೇಕ ಚೌಕಟ್ಟಿಲ್ಲ. ತೆಳು ತಗಡನ್ನೇ ಮಡಿಸಿ, ಪೆಟ್ಟಿಗೆಯಾಕಾರದ ತೊಲೆಗಳನ್ನಾಗಿ ಮಾಡಿ, ಬೆಸೆದು, ಇಡೀ ಒಡಲನ್ನೇ ಒಂದು ಬಿಗಿಯಾದ ಗೂಡನ್ನಾಗಿ ರಚಿಸಿರುತ್ತಾರೆ. ಹಕ್ಕಿಯ ಮೊಟ್ಟೆಯ ಚಿಪ್ಪು ತೆಳುವಾದರೂ ತನ್ನ ಆಕಾರದಿಂದ ಬಲ ಪಡೆಯುವಂತೆ ಈ ಒಡಲೂ ಆಕಾರದಿಂದಲೇ ಬಲವನ್ನು ಪಡೆಯುತ್ತದೆ.

ಆದುದರಿಂದ ಕಾರಿನ ತಗಡುಗಳಲ್ಲಿ ಎರಡು ಜಾತಿ. ಬಾಗಿಲಿನ ಹೊರಮೈ, ಬಾನೆಟ್ಟು, ಡಿಕ್ಕಿಯ ಮುಚ್ಚಳ ಇವು ಚರ್ಮವಿದ್ದಂತೆ. ಇವು ತೂತಾದರೆ ಅಂದ ಕೆಡುತ್ತದೆ, ನೀರು ಸೋರುತ್ತದೆ. ಆದರೆ ಒಡನೆಯೇ ಪ್ರಾಣಕ್ಕೆ ಅಪಾಯವಿಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯ್ದಿರುವ ಪೆಟ್ಟಿಗೆತೊಲೆ, ನೆಲತಗಡಿನ ಅಡ್ಡತೊಲೆಗಳು, ಹಿಂದಿನ ಕಮಾನುಪಟ್ಟಿಗಳು ತಗಲಿಕೊಂಡಿರುವ ಜಾಗ, ಮುಂಚಕ್ರಗಳನ್ನು ಹೊತ್ತ ಭಾಗ, ಆಸನದ ಬೆಲ್ಟುಗಳನ್ನು ಬಿಗಿದ ಜಾಗ ಇವೆಲ್ಲ ಮೂಳೆಗಳು. ಇಲ್ಲಿ ಬಿದ್ದ ತೂತು ಕಾರಿನ ಬೆನ್ನನ್ನೇ ಮುರಿಯಬಲ್ಲದು.

ಪೆಟ್ಟಿಗೆತೊಲೆಯ ಮಹಿಮೆಯನ್ನು ತಿಳಿಯಲು ಊದುಬತ್ತಿಯ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿ. ಎರಡು ತುದಿಗಳನ್ನು ಹಿಡಿದು ಬಟ್ಟೆ ಹಿಂಡುವಂತೆ ತಿರುಚಲು ಯತ್ನಿಸಿ. ಅದು ಬಲವಾಗಿ ವಿರೋಧಿಸುತ್ತದೆ. ಈಗ ಒಂದು ಮೂಲೆಯ ಉದ್ದಕ್ಕೂ ಬ್ಲೇಡಿನಿಂದ ಸೀಳಿ ಮತ್ತೆ ತಿರುಚಿ ನೋಡಿ. ರಟ್ಟು ಒಂದಿಷ್ಟೂ ಕಡಮೆಯಾಗಿಲ್ಲ. ಆದರೂ ಪೆಟ್ಟಿಗೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ಜರ್ಮನಿಯ ಇಂಜಿನಿಯರ್ ಬ್ರೆಟ್ 1896ರಲ್ಲಿ ನಿರೂಪಿಸಿದ ಸೂತ್ರದಿಂದ ಇದನ್ನು ಲೆಕ್ಕ ಹಾಕಬಹುದು. ಮುಚ್ಚಿದ ಕೊಳವೆಯ ತಿರುಚು ಬಿಗುವು ಅದು ಸುತ್ತುವರಿದ ಕ್ಷೇತ್ರಫಲದ ವರ್ಗಕ್ಕೆ ಅನುಗುಣವಾಗಿದೆ. ಸೀಳಿದ ಕೊಳವೆಯದು ತಗಡಿನ ದಪ್ಪದ ಘನಕ್ಕೆ ಮಾತ್ರ ಅನುಗುಣವಾಗಿದೆ. 100 ಮಿಲಿಮೀಟರ್ ಎತ್ತರ, 80 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ತೊಲೆಗೆ ಈ ಎರಡು ಸಂಖ್ಯೆಗಳು ಕ್ರಮವಾಗಿ ಸುಮಾರು 7,11,000 ಮತ್ತು 120. ಎಂದರೆ ಉದ್ದಕ್ಕೂ ಒಂದು ಸಂದು ಬಿಟ್ಟುಕೊಂಡರೆ ತೊಲೆಯ ತಿರುಚು ಬಿಗುವು ಸುಮಾರು ಆರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ತುಕ್ಕು ಮೊದಲು ಹಿಡಿಯುವುದು ಸಂದುಗಳನ್ನೇ ಎಂಬುದನ್ನು ಮೇಲೆ ನೋಡಿದ್ದೇವೆ. ಹಳ್ಳ ಹತ್ತಿ ಇಳಿಯುವಾಗ ಹಳೆಯ ಕಾರಿನ ಬಾಗಿಲು ತಾನೇ ತೆರೆದುಕೊಳ್ಳುವುದು, ಜಾಕಿನಿಂದ ಎತ್ತಿದಾಗ ಬಾಗಿಲು ಮುಚ್ಚದೆ ಹೋಗುವುದು ಇವು ಕೇವಲ ಮುಪ್ಪಿನ ಲಕ್ಷಣಗಳಲ್ಲ. ಒಡಲು ತಿರುಚಿಕೊಳ್ಳುತ್ತಿದೆ ಎಂಬುದರ ಎಚ್ಚರಿಕೆ ಇರಬಹುದು.

ಒಳಗಿನ ತುಕ್ಕು ದೊಡ್ಡ ರಚನೆಗಳನ್ನೂ ಬಿಡುವುದಿಲ್ಲ. ಗೋವೆಯ ಪಣಜಿಯಲ್ಲಿ ಮಾಂಡವಿ ನದಿಯ ಸೇತುವೆ 1986ರ ಜುಲೈ ತಿಂಗಳಲ್ಲಿ ಕುಸಿಯಿತು. ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ತಂತಿಗಳಿಗೆ ಹಿಡಿದ ತುಕ್ಕು ಅದಕ್ಕೆ ಕಾರಣವಾಗಿತ್ತು. ಹೊರಮೈ ನೋಡಿ ಒಳಗನ್ನು ನಂಬಬಾರದೆಂಬ ನೀತಿ ಸೇತುವೆಗೂ ಕಾರಿಗೂ ಒಂದೇ.

ಪರೀಕ್ಷೆಯ ಕ್ರಮ

ವೈದ್ಯನು ಔಷಧಕ್ಕೆ ಮುನ್ನ ರೋಗಿಯ ಮೈಮುಟ್ಟಿ ನೋಡುವಂತೆ ಕಾರನ್ನೂ ಮುಟ್ಟಿ, ಬಡಿದು, ಚುಚ್ಚಿ ನೋಡಬೇಕು. ಕಾರಿನ ಅಡಿಯಲ್ಲಿ ನುಸುಳುವುದಾದರೆ ಅದು ಜಾಕಿನ ಮೇಲೆ ಮಾತ್ರ ನಿಂತಿರಕೂಡದು. ಭದ್ರವಾದ ಆಧಾರಗಳ ಮೇಲೆ ಕುಳಿತಿರಬೇಕು. ತುಕ್ಕು ತಿಂದ ತಗಡಿಗೆ ಜಾಕನ್ನು ಕೊಟ್ಟರೆ ಅದು ತಗಡನ್ನೇ ತೂರಿ ಮೇಲೆ ಹೋಗಬಹುದು.

ಮೊದಲನೆಯ ಉಪಕರಣ ಸಣ್ಣ ಸುತ್ತಿಗೆ. ಗಟ್ಟಿ ತಗಡು ಬಡಿದಾಗ ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂಕು ದನಿ ಕೊಡುತ್ತದೆ. ಎರಡನೆಯದು ಮೊಂಡು ತುದಿಯ ಸ್ಕ್ರೂಡ್ರೈವರ್. ಸಂಶಯವಿದ್ದೆಡೆ ಅದನ್ನು ಒತ್ತಿ ನೋಡಬೇಕು. ಒಳಗಿಳಿದರೆ ಅಲ್ಲಿ ಲೋಹ ಉಳಿದಿಲ್ಲವೆಂದೇ ಅರ್ಥ. ಮೂರನೆಯದು ಬಟ್ಟೆ ಸುತ್ತಿದ ಅಯಸ್ಕಾಂತ. ಹಿಂದೆ ಯಾರಾದರೂ ತೂತನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದಿದ್ದರೆ, ಸುತ್ತಲಿನ ತಗಡಿಗೆ ಕಚ್ಚಿಕೊಳ್ಳುವ ಅಯಸ್ಕಾಂತ ಅಲ್ಲಿ ಮಾತ್ರ ಸಡಿಲವಾಗುತ್ತದೆ. "ಹೊರಗೆ ಥಳಕು, ಒಳಗೆ ಹುಳುಕು" ಎಂಬ ಗಾದೆಯನ್ನು ಪರೀಕ್ಷಿಸಲು ಇದಕ್ಕಿಂತ ಅಗ್ಗದ ಸಾಧನವಿಲ್ಲ.

ತುಕ್ಕಿನ ರಾಶಿಯನ್ನು ಕಂಡು ಬೆದರಬೇಕಾದ್ದೂ ಇಲ್ಲ, ಅದು ಸ್ವಲ್ಪವೇ ಇದೆಯೆಂದು ನಂಬಬೇಕಾದ್ದೂ ಇಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟಿನವರೆಗೆ ಹೆಚ್ಚು ಜಾಗ ಹಿಡಿಯುತ್ತದೆ. ಆದುದರಿಂದ ಭಯಂಕರವಾಗಿ ಕಾಣುವ ತುಕ್ಕಿನ ಅಡಿಯಲ್ಲಿ ಕೆಲವೊಮ್ಮೆ ಗಟ್ಟಿ ಲೋಹ ಇರುತ್ತದೆ. ಆದರೆ ಇದೇ ಉಬ್ಬುವಿಕೆಯು ಸಂದಿನೊಳಗೆ ನಡೆದಾಗ ಎರಡು ತಗಡುಗಳನ್ನು ಸೀಳುಗೋಲಿನಂತೆ ದೂರ ತಳ್ಳಿ ಬೆಸುಗೆಯ ಚುಕ್ಕೆಗಳನ್ನು ಹರಿಯುತ್ತದೆ. ತಂತಿಕುಂಚದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿದ ಮೇಲೆಯೇ ನಿಜಸ್ಥಿತಿ ಗೊತ್ತಾಗುವುದು. ಉಳಿದ ದಪ್ಪವೇ ತೀರ್ಪಿನ ಆಧಾರ. ತಗಡಿನ ದಪ್ಪ ಅರ್ಧವಾದರೆ ಅದರ ಎಳೆತದ ಬಲ ಅರ್ಧಕ್ಕೆ ಇಳಿಯುತ್ತದೆ. ಬಾಗುವುದಕ್ಕೆ ಅದು ಒಡ್ಡುವ ಬಿಗುವು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಮೂರು ರೋಗ, ಮೂರು ಚಿಕಿತ್ಸೆ

ಪರೀಕ್ಷೆಯ ಫಲದಂತೆ ಚಿಕಿತ್ಸೆಯನ್ನು ಮೂರು ವರ್ಗವಾಗಿ ವಿಂಗಡಿಸಬಹುದು.

ಮೊದಲನೆಯದು ಮೇಲ್ಮೈ ತುಕ್ಕು. ಉಜ್ಜಿದರೆ ಅಡಿಯಲ್ಲಿ ನುಣುಪಾದ, ಪೂರ್ಣ ದಪ್ಪದ ಲೋಹ ದೊರೆಯುತ್ತದೆ. ಇಲ್ಲಿ ಕತ್ತರಿಸುವ ಮಾತೇ ಬೇಡ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ತುಕ್ಕನ್ನು ಪೂರ್ತಿ ತೆಗೆದು, ಉಪ್ಪಿನಂಶ ಉಳಿಯದಂತೆ ಸಿಹಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಪ್ರೈಮರು ಬಳಿದು ಬಣ್ಣ ಕೊಟ್ಟರೆ ಸಾಕು. ಬಣ್ಣವನ್ನು ಬೊಕ್ಕೆಯ ಅಂಚಿನಿಂದ ಆಚೆಗೂ, ಗಟ್ಟಿಯಾಗಿ ಅಂಟಿರುವ ಜಾಗದವರೆಗೂ ಕೆರೆಯಬೇಕು. ಏಕೆಂದರೆ ಬೊಕ್ಕೆಯ ಅಡಿಯ ತುಕ್ಕು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ.

ಎರಡನೆಯದು ಗುಳಿತುಕ್ಕು. ತೂತಾಗಿಲ್ಲ, ಆದರೆ ಸಿಡುಬಿನ ಕಲೆಯಂತೆ ಗುಳಿಗಳು ಬಿದ್ದಿವೆ. ಕುಂಚವಾಗಲಿ ಕಾಗದವಾಗಲಿ ಗುಳಿಯ ತಳವನ್ನು ಮುಟ್ಟಲಾರದು. ಇಲ್ಲಿ ರಸಾಯನದ ನೆರವು ಬೇಕು. ಫಾಸ್ಫಾರಿಕ್ ಆಮ್ಲವು ತುಕ್ಕನ್ನು ಕರಗಿಸಿ ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಪದರವನ್ನು ಬಿಡುತ್ತದೆ. ಬಣ್ಣ ಅದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಟ್ಯಾನಿಕ್ ಆಮ್ಲವಿರುವ ದ್ರಾವಣಗಳು ತುಕ್ಕನ್ನು ಕಪ್ಪಾದ, ನೀರಿನಲ್ಲಿ ಕರಗದ ಟ್ಯಾನೇಟಾಗಿ ಮಾರ್ಪಡಿಸುತ್ತವೆ. ಈ ಎರಡನೆಯ ಕ್ರಿಯೆ ನಮ್ಮ ನಾಡಿಗೆ ಹೊಸದಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಹಿರಿಯರು ಮಸಿ ಮಾಡುತ್ತಿದ್ದರಲ್ಲವೆ? ಅಳಲೆಯ ಟ್ಯಾನಿನ್ನೂ ಅನ್ನಭೇದಿಯಲ್ಲಿರುವ ಕಬ್ಬಿಣವೂ ಕೂಡಿ ಹುಟ್ಟುವ ಕಪ್ಪೇ ಇಲ್ಲಿಯ ಕಪ್ಪು. ಆದರೆ ಒಂದು ಎಚ್ಚರಿಕೆ. ಈ ದ್ರಾವಣಗಳು ತೆಳುವಾಗಿ ಅಂಟಿ ಉಳಿದ ತುಕ್ಕಿನ ಮೇಲೆ ಕೆಲಸ ಮಾಡುತ್ತವೆಯೇ ಹೊರತು ಪದರ ಪದರವಾಗಿ ಏಳುವ ತುಕ್ಕನ್ನು ಮತ್ತೆ ಕಬ್ಬಿಣವಾಗಿಸುವುದಿಲ್ಲ. ಹೋದ ಲೋಹ ಹೋದಂತೆಯೇ. ಆದುದರಿಂದ ಚರ್ಮದ ತಗಡಿನಲ್ಲಿ ಗುಳಿಗಳಿದ್ದರೆ ಈ ಚಿಕಿತ್ಸೆ ಸಾಕು. ಮೂಳೆಯ ತಗಡು ಗುಳಿಬಿದ್ದು ಗಣನೀಯವಾಗಿ ತೆಳುವಾಗಿದ್ದರೆ ಅದನ್ನು ಮೂರನೆಯ ವರ್ಗಕ್ಕೆ ಸೇರಿಸುವುದೇ ಯುಕ್ತ.

ಮೂರನೆಯದು ತೂತು. ಇಲ್ಲಿ ಒಂದೇ ನಿಜವಾದ ಚಿಕಿತ್ಸೆ: ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಅದೇ ಆಕಾರಕ್ಕೆ ಮಡಿಸಿ ಬೆಸೆಯುವುದು. ತೂತಿನೊಳಗೆ ಜಾಲರಿ ತುರುಕಿ ಪುಟ್ಟಿ ಮೆತ್ತುವ ಪದ್ಧತಿ ಬಳಕೆಯಲ್ಲಿದೆ. ಬಾಗಿಲಿನ ಹೊರಮೈಯ ತಗ್ಗನ್ನು ಸಮ ಮಾಡಲು ಪುಟ್ಟಿ ಒಳ್ಳೆಯ ವಸ್ತು. ತೊಲೆಯ ತೂತನ್ನು ಮುಚ್ಚಲು ಅದು ಮೋಸದ ವಸ್ತು. ಅದಕ್ಕೆ ಉಕ್ಕಿನ ಬಲವಿಲ್ಲ; ಬಿರುಕಿನೊಳಗೆ ಇಳಿದ ನೀರನ್ನು ಹಿಡಿದಿಟ್ಟು ಆಮ್ಲಜನಕ ಕಡಮೆಯಾದ ಹೊಸ ಮೂಲೆಯನ್ನೂ ನಿರ್ಮಿಸುತ್ತದೆ. ಇವಾನ್ಸನ ಹನಿಯನ್ನು ನೆನೆದರೆ ಮುಂದಿನ ಕಥೆ ತಾನೇ ತಿಳಿಯುತ್ತದೆ. ಕಾರನ್ನು ಕೊಳ್ಳುವ ಮುಂದಿನ ಮನುಷ್ಯನು ತನ್ನ ಮಕ್ಕಳನ್ನು ಅದರಲ್ಲಿ ಕೂರಿಸುತ್ತಾನೆ ಎಂಬುದನ್ನು ಪುಟ್ಟಿ ಮೆತ್ತುವವರೂ ಮೆತ್ತಿಸುವವರೂ ಮರೆಯಬಾರದು.

ಬ್ರೇಕಿನ ದ್ರವ ಹರಿಯುವ ಉಕ್ಕಿನ ಕೊಳವೆಗಳಿಗೆ ಈ ಮೂರು ವರ್ಗಗಳ ಲೆಕ್ಕಾಚಾರವೇ ಸಲ್ಲದು. ಅವು ಗುಳಿಬಿದ್ದಿದ್ದರೆ ಉಜ್ಜುವುದೂ ಬೇಡ, ಬೆಸೆಯುವುದೂ ಬೇಡ, ಹೊಸದನ್ನೇ ಹಾಕಬೇಕು. ಕಾಲು ಒತ್ತಿದ ಗಳಿಗೆಯಲ್ಲಿ ಒಳಗಿನ ಒತ್ತಡ ಏರಿ ಕೊಳವೆ ಒಡೆದರೆ ಎರಡನೆಯ ಅವಕಾಶವಿರುವುದಿಲ್ಲ.

ಬೆಸುಗೆಯ ಭೌತಶಾಸ್ತ್ರ

ತೆಳು ತಗಡಿನ ಬೆಸುಗೆ ನುರಿತ ಕೈಯ ಕೆಲಸ. ಕಬ್ಬಿಣ ಕರಗುವುದು 1538 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಬೆಸುಗೆಯ ಸಾಲಿನ ಸುತ್ತಲಿನ 200 ಮಿಲಿಮೀಟರ್ ಉದ್ದದ ತಗಡು 600 ಡಿಗ್ರಿಯಷ್ಟು ಕಾದರೂ ಅದು ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗಬಯಸುತ್ತದೆ. ಸುತ್ತಲಿನ ತಣ್ಣನೆಯ ತಗಡು ಅದಕ್ಕೆ ಎಡೆಗೊಡುವುದಿಲ್ಲ. ಪರಿಣಾಮವಾಗಿ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದುದರಿಂದ ಬಲ್ಲ ಕೆಲಸಗಾರರು ಒಂದೇ ಏಟಿಗೆ ಉದ್ದಕ್ಕೂ ಬೆಸೆಯುವುದಿಲ್ಲ. ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ, ನಡುವೆ ತಣಿಯಲು ಬಿಡುವು, ಹೀಗೆ ಮುಂದುವರಿಯುತ್ತಾರೆ. ತೊಲೆಯನ್ನು ಕತ್ತರಿಸುವ ಮುನ್ನ ಒಡಲು ಕುಗ್ಗದಂತೆ, ಬಾಗಿಲಿನ ಚೌಕಟ್ಟು ಕದಲದಂತೆ ಊರೆಗಳನ್ನು ಬಿಗಿಯುತ್ತಾರೆ. ಹಾಗೆ ಮಾಡದೆ ಬೆಸೆದರೆ ಸೊಟ್ಟಾದ ಆಕಾರವೇ ಶಾಶ್ವತವಾಗುತ್ತದೆ.

ಅಪಾಯಗಳನ್ನೂ ತಿಳಿದಿರಬೇಕು. ಸತುವು 907 ಡಿಗ್ರಿಯಲ್ಲೇ ಕುದಿದು ಆವಿಯಾಗುವುದರಿಂದ ಸತು ಲೇಪಿಸಿದ ತಗಡನ್ನು ಬೆಸೆಯುವಾಗ ಏಳುವ ಬಿಳಿಹೊಗೆ ಜ್ವರ ತರಬಲ್ಲದು. ಲೇಪವನ್ನು ಕೆರೆದು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ಪೆಟ್ರೋಲು ಟ್ಯಾಂಕು ಖಾಲಿಯಿದ್ದರೆ ಅಪಾಯವಿಲ್ಲ ಎಂಬುದು ಮಾರಕ ಭ್ರಮೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗದಷ್ಟು ಪೆಟ್ರೋಲಿನ ಆವಿ ಸೇರಿದರೂ ಅದು ಸಿಡಿಯಬಲ್ಲದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಇಂಥ ಮಿಶ್ರಣಕ್ಕೆ ಹೆಚ್ಚು ಎಡೆಯಿದೆ. ಟ್ಯಾಂಕನ್ನು ಬಿಚ್ಚಿ ದೂರವಿಡದೆ ಅದರ ಬಳಿ ಕಿಡಿ ಹಾರಿಸಕೂಡದು. ಇದು ಉತ್ಸಾಹಿ ವಿದ್ಯಾರ್ಥಿಗಳು ಮನೆಯಂಗಳದಲ್ಲಿ ಮಾಡಬಹುದಾದ ಪ್ರಯೋಗವಲ್ಲ.

ಸತುವಿನ ತ್ಯಾಗ, ಮಾಯಾಪೆಟ್ಟಿಗೆಯ ಮಿಥ್ಯೆ

ಬೆಸುಗೆ ಮುಗಿದ ಜಾಗ ಬೆತ್ತಲೆಯಾಗಿ ಉಳಿದರೆ ತುಕ್ಕು ಅಲ್ಲೇ ಮತ್ತೆ ಆರಂಭವಾಗುತ್ತದೆ. ಸತುವಿನ ಪುಡಿ ಹೇರಳವಾಗಿ ಬೆರೆಸಿದ ಪ್ರೈಮರು ಇಲ್ಲಿ ಉಪಯುಕ್ತ. ಪ್ರಮಾಣಿತ ವಿದ್ಯುದ್ವಿಭವವು ಸತುವಿಗೆ ಋಣ 0.76 ವೋಲ್ಟು, ಕಬ್ಬಿಣಕ್ಕೆ ಋಣ 0.44 ವೋಲ್ಟು. ಆದುದರಿಂದ ಎರಡೂ ಒಟ್ಟಿಗೆ ಒದ್ದೆಯಾದಾಗ ಸತುವೇ ಆನೋಡಾಗಿ ಕರಗಿ ಕಬ್ಬಿಣವನ್ನು ಕಾಯುತ್ತದೆ. ತಾಮ್ರದ ವಿಭವ ಧನ 0.34 ವೋಲ್ಟು, ಅದನ್ನು ಕಬ್ಬಿಣಕ್ಕೆ ತಾಗಿಸಿದರೆ ಕರಗುವ ಸರದಿ ಕಬ್ಬಿಣದ್ದು.

ಇದೇ ತತ್ವವನ್ನು ಮುಂದೆ ಮಾಡಿ, ಬ್ಯಾಟರಿಗೆ ಜೋಡಿಸಿದರೆ ಇಡೀ ಕಾರನ್ನು ತುಕ್ಕಿನಿಂದ ಕಾಪಾಡುವುದೆಂದು ಕೆಲವು ವಿದ್ಯುತ್ ಪೆಟ್ಟಿಗೆಗಳನ್ನು ಮಾರುವುದುಂಟು. ಹಡಗಿನ ತಳಕ್ಕೂ ನೆಲದಡಿಯ ಕೊಳವೆಗೂ ಇಂಥ ರಕ್ಷಣೆ ಸಾಧ್ಯ. ಹಂಫ್ರಿ ಡೇವಿ 1824ರಲ್ಲೇ ಹಡಗಿನ ತಾಮ್ರದ ಹೊದಿಕೆಗೆ ಇದನ್ನು ಪ್ರಯೋಗಿಸಿದ್ದನು. ಆದರೆ ಅಲ್ಲಿ ಲೋಹದ ಸುತ್ತ ಎಡೆಬಿಡದ ನೀರು ಅಥವಾ ಒದ್ದೆ ಮಣ್ಣು ಇದ್ದು ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸುತ್ತದೆ. ಗಾಳಿಯಲ್ಲಿ ನಿಂತ ಕಾರಿನ ಮೇಲೆ ಇರುವುದು ಬಿಡಿಬಿಡಿಯಾದ ಹನಿಗಳು. ಒಂದು ಹನಿಯಿಂದ ಇನ್ನೊಂದಕ್ಕೆ ಅಯಾನುಗಳು ಹಾರಲಾರವು. ಮಂಡಲವೇ ಪೂರ್ಣವಾಗದ ಮೇಲೆ ರಕ್ಷಣೆ ಎಲ್ಲಿಂದ ಬರಬೇಕು?

ಬಿಡುವ ನಿರ್ಧಾರ

ಕೊನೆಯದಾಗಿ, ಯಾವಾಗ ಕೈಬಿಡಬೇಕು? ಚರ್ಮದ ತಗಡುಗಳೆಲ್ಲ ಹೋಗಿ ಮೂಳೆಗಳು ಗಟ್ಟಿಯಾಗಿದ್ದರೆ ಆ ಕಾರು ಬದುಕಬಲ್ಲದು. ಬಾಗಿಲು, ಮಡ್ಗಾರ್ಡುಗಳನ್ನು ಬದಲಿಸಬಹುದು. ಒಂದೆರಡು ಮೂಳೆಗಳು ಮಾತ್ರ ಕೆಟ್ಟಿದ್ದರೆ, ಹೊಸ ತಗಡನ್ನು ಬೆಸೆಯಲು ಸುತ್ತ ಗಟ್ಟಿ ಲೋಹವಿದ್ದರೆ, ಆಗಲೂ ದುರಸ್ತಿ ಸಾಧ್ಯ. ಆದರೆ ಎರಡೂ ಪಕ್ಕದ ಪೆಟ್ಟಿಗೆತೊಲೆಗಳು, ನೆಲದ ಅಡ್ಡತೊಲೆಗಳು, ಕಮಾನುಪಟ್ಟಿಯ ನೆಲೆಗಳು ಒಟ್ಟಿಗೆ ಕೆಟ್ಟು, ಹೊಸ ತಗಡನ್ನು ಕಚ್ಚಿಸಲು ಆಧಾರವೇ ಸಿಗದಿದ್ದರೆ, ಅದನ್ನು ರಸ್ತೆಗೆ ತರುವುದು ಸಾಹಸವಲ್ಲ, ಅವಿವೇಕ. ನಮ್ಮ ದೇಶದಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿ ಹದಿನೈದು ವರ್ಷಗಳದ್ದು. ಅನಂತರ ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದರೆ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಈ ತಪಾಸಣೆಯನ್ನು ದಾಟಿಸುವ ವಿಧಿಯೆಂದು ಎಣಿಸದೆ ತನ್ನ ಕಾರಿನ ಮೂಳೆಗಳನ್ನು ಪರೀಕ್ಷಿಸಿಕೊಳ್ಳುವ ಅವಕಾಶವೆಂದು ಮಾಲೀಕನು ಎಣಿಸುವುದು ಲೇಸು.

ದುರಸ್ತಿಗಿಂತ ರಕ್ಷಣೆ ಅಗ್ಗವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಾಗಿಲಿನ ಕೆಳಅಂಚಿನಲ್ಲೂ ತೊಲೆಗಳಲ್ಲೂ ನೀರು ಹರಿದುಹೋಗಲು ತಯಾರಕರೇ ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಕೆಸರು ತುಂಬಿ ಅವು ಮುಚ್ಚಿಹೋದರೆ ತೊಲೆಯು ನೀರಿನ ತೊಟ್ಟಿಯಾಗುತ್ತದೆ. ಒಂದು ತಂತಿಯ ತುಂಡಿನಿಂದ ಅವನ್ನು ಬಿಡಿಸುವುದು ಐದು ನಿಮಿಷದ ಕೆಲಸ. ಮಳೆಗಾಲ ಮುಗಿದೊಡನೆ ಕಾರಿನ ಅಡಿಯನ್ನು ಸಿಹಿನೀರಿನಿಂದ ತೊಳೆದು ಒಣಗಿಸಿ, ತೊಲೆಗಳ ಒಳಗೆ ಮೇಣ ಅಥವಾ ಎಣ್ಣೆಯನ್ನು ಸಿಂಪಡಿಸಬೇಕು. ನೆಲಹಾಸಿನ ಕೆಳಗೆ ಒದ್ದೆಯಾದ ಗೋಣಿಯನ್ನಾಗಲಿ ನಾರನ್ನಾಗಲಿ ಬಿಡಕೂಡದು. ಒದ್ದೆ ಕಾರನ್ನು ಗಾಳಿಯಾಡದ ಕೊಟ್ಟಿಗೆಯಲ್ಲಿ ಮುಚ್ಚಿಡುವುದಕ್ಕಿಂತ ಗಾಳಿಯಾಡುವ ಚಪ್ಪರದಡಿ ನಿಲ್ಲಿಸುವುದು ಮೇಲು.

ಅದಿರಿನಲ್ಲಿ ಆಮ್ಲಜನಕದೊಡನೆ ಕೂಡಿದ್ದ ಕಬ್ಬಿಣವನ್ನು ಮನುಷ್ಯನು ಕುಲುಮೆಯ ಬೆಂಕಿಯಲ್ಲಿ ಬಲವಂತವಾಗಿ ಬೇರ್ಪಡಿಸಿದನು. ಅದು ತನ್ನ ಹಳೆಯ ಸಂಗಾತಿಯ ಬಳಿಗೆ ಮರಳಲು ಸದಾ ಹಾತೊರೆಯುತ್ತಿರುತ್ತದೆ. ಈ ಒಲವನ್ನು ನಾವು ಅಳಿಸಲಾರೆವು, ತಡಮಾಡಿಸಬಲ್ಲೆವು ಅಷ್ಟೆ. ಎಲ್ಲಿ ಉಜ್ಜಬೇಕು, ಎಲ್ಲಿ ಬೆಸೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅರಿತವನಿಗೆ ಆ ತಡವು ಹಲವು ವರ್ಷಗಳ ನಿಶ್ಚಿಂತೆಯ ಪ್ರಯಾಣವಾಗುತ್ತದೆ.